ಬೇಸ್‌ಮೆಂಟ್‌ನಲ್ಲಿ ನಿಂತ ಸೈಕಲ್‌ಗೆ ಎಷ್ಟು ಕೇಳಬಹುದು?

ಪ್ರಶ್ನೆ: 2021ರ ಮಾರ್ಚ್‌ನಲ್ಲಿ 23,500 ರೂಪಾಯಿ ಕೊಟ್ಟು ಒಂದು ಹೈಬ್ರಿಡ್ ಸೈಕಲ್ ತೆಗೆದುಕೊಂಡೆ. 21 ಗೇರು, ಡಿಸ್ಕ್ ಬ್ರೇಕ್, ಮೀಡಿಯಂ ಸೈಜು. ಹೆಚ್ಚೆಂದರೆ 600 ಕಿಲೋಮೀಟರ್ ಓಡಿಸಿರಬಹುದು. ಎರಡೂವರೆ ವರ್ಷದಿಂದ ಬನಶಂಕರಿಯ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್‌ನಲ್ಲೇ ನಿಂತಿದೆ. 15,000ಕ್ಕೆ ಮಾರೋಣ ಅಂತ ಹಾಕಿದೆ. ಒಬ್ಬರು ಬಂದು ನೋಡಿ 6,000 ಅಂದರು. ಹತ್ತಿರದ ಅಂಗಡಿಯವರು 4,000 ಅಂದರು. ಅದೇ ಮಾಡೆಲ್ ಈಗ ಹೊಸದು 19,000ಕ್ಕೆ ಸಿಗುತ್ತಿದೆ. ನನ್ನ ಸೈಕಲ್ ಹೊಸದರ ಹಾಗೇ ಇದೆ. ಇವರೆಲ್ಲ ನನಗೆ ಟೋಪಿ ಹಾಕುತ್ತಿದ್ದಾರಾ? ಹಳೇ ಸೈಕಲ್ ಬೆಲೆ ಹೇಗೆ ನಿರ್ಧಾರ ಆಗುತ್ತದೆ? ಇದನ್ನು ಮಾರಿ ಎಂಟು ವರ್ಷದ ಮಗನಿಗೆ ಸೆಕೆಂಡ್ಸ್‌ನಲ್ಲಿ ಒಂದು ಸೈಕಲ್ ತೆಗೆದುಕೊಳ್ಳುವ ಯೋಚನೆಯೂ ಇದೆ.

ಉತ್ತರ: ಮೇಡಂ, ನಿಮಗೆ ಯಾರೂ ಟೋಪಿ ಹಾಕುತ್ತಿಲ್ಲ. 6,000 ಅಂದವರು ಸ್ವಲ್ಪ ಚೌಕಾಸಿ ಮಾಡಿದ್ದಾರೆ, ಅಷ್ಟೇ. ಅಂಗಡಿಯವರ 4,000ಕ್ಕೂ ಒಂದು ಲೆಕ್ಕ ಇದೆ, ಮುಂದೆ ಹೇಳುತ್ತೇನೆ. ತಪ್ಪಿರುವುದು ನಿಮ್ಮ 15,000ದಲ್ಲಿ. ಬೇಜಾರು ಮಾಡಿಕೊಳ್ಳಬೇಡಿ. ಇಪ್ಪತ್ತು ವರ್ಷದಿಂದ ಸೈಕಲ್ ರಿಪೇರಿ ಮಾಡಿಕೊಂಡು, ಹಳೇದನ್ನು ಕೊಂಡು ಮಾರಿಕೊಂಡು ಬಂದಿದ್ದೇನೆ. ‘ಹೊಸದರ ಹಾಗೇ ಇದೆ’ ಅನ್ನದ ಮಾಲೀಕರನ್ನು ಇನ್ನೂ ನೋಡಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು.

ಕಾರಿಗೆ, ಬೈಕಿಗೆ ಆರ್‌ಸಿ ಇದೆ, ಮೀಟರ್ ಇದೆ, ಇನ್ಶೂರೆನ್ಸ್ ಇದೆ. ಯಾವ ವರ್ಷದ್ದು, ಎಷ್ಟು ಓಡಿದೆ, ಎಷ್ಟನೇ ಮಾಲೀಕರು, ಎಲ್ಲ ಕಾಗದದಲ್ಲೇ ಸಿಗುತ್ತದೆ. ಸೈಕಲ್‌ಗೆ ಇವು ಯಾವುದೂ ಇಲ್ಲ. ಅಮೆರಿಕಾದಲ್ಲಿ ಬೈಸಿಕಲ್ ಬ್ಲೂ ಬುಕ್ ಅಂತ ಒಂದಿದೆ, ಮಾಡೆಲ್ ಮತ್ತು ವರ್ಷ ಹಾಕಿದರೆ ಅಂದಾಜು ಬೆಲೆ ಹೇಳುತ್ತದೆ. ನಮ್ಮ ಕಡೆ ಅಂಥ ಪುಸ್ತಕ ನೋಡಿಕೊಂಡು ಯಾರೂ ವ್ಯಾಪಾರ ಮಾಡುವುದಿಲ್ಲ. ಸೈಕಲ್ ಮುಂದೆ ನಿಂತು, ಟೈರು ಒತ್ತಿ, ಬ್ರೇಕ್ ಹಿಡಿದು, ಮನಸ್ಸಿನಲ್ಲೇ ಒಂದು ಲೆಕ್ಕ ಹಾಕುತ್ತಾರೆ. ಇದೇ ಕೆಲಸ ಮಾಡುವ ಹೊಸ ಸೈಕಲ್ ಇವತ್ತು ಎಷ್ಟಕ್ಕೆ ಸಿಗುತ್ತದೆ? ಇದನ್ನು ನೆಟ್ಟಗೆ ಓಡುವ ಹಾಗೆ ಮಾಡಲು ನನ್ನ ಜೇಬಿನಿಂದ ಎಷ್ಟು ಹೋಗುತ್ತದೆ? ಕಣ್ಣಿಗೆ ಕಾಣದ ಏನಾದರೂ ಕೆಟ್ಟಿದ್ದರೆ? ಮೊದಲನೆಯದರಿಂದ ಉಳಿದೆರಡನ್ನು ಕಳೆದರೆ ಏನು ಉಳಿಯುತ್ತದೋ ಅದೇ ಬೆಲೆ. ನೀವು ಎಷ್ಟು ಕೊಟ್ಟು ಕೊಂಡಿರಿ ಅನ್ನುವುದು ಈ ಲೆಕ್ಕದಲ್ಲಿ ಎಲ್ಲೂ ಬರುವುದೇ ಇಲ್ಲ, ನೋಡಿ.

ಅದರಲ್ಲೂ ನೀವು ಕೊಂಡ ಕಾಲವೇ ಸರಿ ಇರಲಿಲ್ಲ. 2020ರ ಲಾಕ್‌ಡೌನ್ ಆದ ಮೇಲೆ ಜಿಮ್ ಮುಚ್ಚಿತ್ತು, ಎಲ್ಲರಿಗೂ ಒಂದೇ ಸಲ ಸೈಕಲ್ ಬೇಕಾಯಿತು. ಜಪಾನಿನ ಶಿಮಾನೋ ಕಂಪನಿಯ ಗೇರು, ಚೈನು ಪ್ರಪಂಚದ ಎಲ್ಲ ಕಡೆ ತಿಂಗಳುಗಟ್ಟಲೆ ತಡವಾಗಿ ಬರುತ್ತಿದ್ದವು. ಅಂಗಡಿಗೆ ಬಂದ ಸೈಕಲ್ ಡಬ್ಬ ಬಿಚ್ಚುವ ಮೊದಲೇ ಮಾರಾಟ ಆಗುತ್ತಿತ್ತು. ಆಗ ಡಿಸ್ಕೌಂಟ್ ಅನ್ನುವ ಪದವೇ ಇರಲಿಲ್ಲ. ಒಂದು ವರ್ಷ ಓಡಿಸಿದ ಸೈಕಲ್ಲನ್ನು ಕೊಂಡ ಬೆಲೆಗೇ ಮಾರಿದವರೂ ಇದ್ದಾರೆ, ನಾನೇ ಎರಡು ಮೂರು ಮಾರಿಸಿಕೊಟ್ಟಿದ್ದೇನೆ. ಆಮೇಲೆ ಆಫೀಸುಗಳು ತೆರೆದವು, ಟ್ರಾಫಿಕ್ ವಾಪಸ್ ಬಂತು, ಸೈಕಲ್ಲುಗಳೆಲ್ಲ ಬೇಸ್‌ಮೆಂಟಿಗೆ ಹೋದವು. ಸರ್ಜಾಪುರ ರಸ್ತೆ, ಬೆಳ್ಳಂದೂರು, ವೈಟ್‌ಫೀಲ್ಡ್ ಕಡೆಯ ದೊಡ್ಡ ಅಪಾರ್ಟ್‌ಮೆಂಟುಗಳ ಕೆಳಗೆ ಒಂದು ಸಲ ಇಳಿದು ನೋಡಿ. ನಿಮ್ಮದೇ ಮಾಡೆಲ್, ನಿಮ್ಮದೇ ಬಣ್ಣದ್ದು ಸಾಲಾಗಿ ದೂಳು ಹಿಡಿದು ನಿಂತಿರುತ್ತವೆ, ಅರ್ಧಕ್ಕರ್ಧ ಟೈರಿನಲ್ಲಿ ಗಾಳಿ ಇರುವುದಿಲ್ಲ. ಅಸೋಸಿಯೇಷನ್‌ನವರು ‘ಹದಿನೈದು ದಿನದಲ್ಲಿ ತೆಗೆಯದಿದ್ದರೆ ಗುಜರಿಗೆ’ ಅಂತ ನೋಟಿಸ್ ಅಂಟಿಸುತ್ತಾರೆ. ಮಾಲೀಕರು ಬಂದ ಬೆಲೆಗೆ ಕೊಟ್ಟುಬಿಡುತ್ತಾರೆ. ನಿಮ್ಮ ಸೈಕಲ್‌ಗೆ ಪೈಪೋಟಿ ಇರುವುದು ಇವುಗಳ ಜೊತೆ.

ಇನ್ನೊಂದು ಏಟು ತೆರಿಗೆಯಿಂದ ಬಿತ್ತು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. 20,000 ಮೂಲಬೆಲೆಯ ಸೈಕಲ್ ಮೊದಲು 22,400 ಆಗುತ್ತಿತ್ತು, ಈಗ 21,000. ಹೊಸದು ಕೊಳ್ಳುವವರಿಗೆ ಒಳ್ಳೆಯದೇ. ಆದರೆ ಹೊಸದರ ಬೆಲೆ ಇಳಿದರೆ ಹಳೇದು ತಾನಾಗಿ ಇಳಿಯುತ್ತದೆ, ನಿಂತ ಜಾಗದಿಂದ ಒಂದಡಿ ಅಲ್ಲಾಡದೆ.

ಇನ್ನು ‘600 ಕಿಲೋಮೀಟರ್ ಮಾತ್ರ’ ಅನ್ನುವ ಮಾತು. ನಾನು ನಂಬುತ್ತೇನೆ. ಕೊಳ್ಳುವವರು ಯಾಕೆ ನಂಬಬೇಕು? ಮೀಟರ್ ಇಲ್ಲವಲ್ಲ. ಓಡಿಸಿದ ದೂರ ದಾಖಲಿಸುವ ಸ್ಟ್ರಾವಾದಂಥ ಆಪ್‌ನಲ್ಲಿ ನೀವು ರೈಡ್ ಹಾಕುತ್ತಿದ್ದರೆ ಅದನ್ನು ತೋರಿಸಿ, ಅದಕ್ಕೆ ಬೆಲೆ ಇದೆ. ಆದರೆ ನಿಜ ಹೇಳಬೇಕೆಂದರೆ ಕಡಿಮೆ ಓಡಿದೆ ಅನ್ನುವುದು ಸೈಕಲ್ ವಿಷಯದಲ್ಲಿ ಅಂಥ ದೊಡ್ಡ ಗುಣವೇ ಅಲ್ಲ. ವಾರ ವಾರ ನಂದಿ ಬೆಟ್ಟಕ್ಕೆ ಹೋಗಿ ಬರುವ ಸೈಕಲ್‌ಗೆ ಚೈನು ಸವೆಯುತ್ತದೆ, ಟೈರು ಸವೆಯುತ್ತದೆ, ಆದರೆ ಅದರ ಮಾಲೀಕರು ಎಣ್ಣೆ ಹಾಕುತ್ತಾರೆ, ಗಾಳಿ ನೋಡುತ್ತಾರೆ, ಕೆಟ್ಟದ್ದನ್ನು ಬದಲಾಯಿಸುತ್ತಾರೆ. ನಿಂತ ಸೈಕಲ್ ಸದ್ದಿಲ್ಲದೆ ಹಾಳಾಗುತ್ತದೆ. ಇಂಥ ಎರಡು ಸೈಕಲ್ ಮುಂದಿಟ್ಟು ಯಾವುದು ಬೇಕು ಅಂತ ಕೇಳಿದರೆ ನಾನು ನಂದಿ ಬೆಟ್ಟದ್ದನ್ನೇ ತೆಗೆದುಕೊಳ್ಳುತ್ತೇನೆ.

ಹೇಗೆ ಹಾಳಾಗುತ್ತದೆ ಅಂತ ನೋಡಬೇಕಾದರೆ ಈಗಲೇ ಟಾರ್ಚ್ ತೆಗೆದುಕೊಂಡು ಕೆಳಗೆ ಹೋಗಿ. ಗಾಳಿ ಇಲ್ಲದೆ ನಿಂತ ಟೈರಿನ ಪಕ್ಕ, ರಿಮ್ಮಿನ ಹತ್ತಿರ, ಹೆಬ್ಬೆರಳಿನಿಂದ ಒತ್ತಿ. ಕೂದಲಿನಷ್ಟು ಸಣ್ಣ ಬಿರುಕು ಕಾಣಿಸುತ್ತವಾ? ಕಾಣಿಸಿದರೆ ಅಷ್ಟೇ, ಮೇಲಿನ ಹಲ್ಲು ಎಷ್ಟೇ ಹೊಸದಾಗಿದ್ದರೂ ಕೊಳ್ಳುವವರು ಎರಡು ಟೈರಿನ ದುಡ್ಡು ಕಳೆದುಬಿಡುತ್ತಾರೆ. ಸೀಟಿನ ಕ್ಲ್ಯಾಂಪ್ ಬಿಚ್ಚಿ ಸೀಟು ಮೇಲೆ ಕೆಳಗೆ ಆಗುತ್ತದಾ ನೋಡಿ. ತೇವದಲ್ಲಿ ವರ್ಷಗಟ್ಟಲೆ ನಿಂತರೆ ಸೀಟಿನ ಕಂಬಿ ಫ್ರೇಮಿಗೇ ಕಚ್ಚಿಕೊಂಡುಬಿಡುತ್ತದೆ, ಆಮೇಲೆ ಅದನ್ನು ತೆಗೆಯುವುದು ಹಲ್ಲು ಕೀಳಿಸಿದ ಹಾಗೆ. ನಿಮ್ಮ ಎತ್ತರಕ್ಕೆ ನಿಂತ ಸೀಟು ಬೇರೆಯವರಿಗೆ ಆಗದಿದ್ದರೆ ಆ ಸೈಕಲ್ ಯಾರಿಗೆ ಮಾರುತ್ತೀರಿ? ಮುಂದಿನ ಚಕ್ರ ಹಿಡಿದಿರುವ ಸಸ್ಪೆನ್ಷನ್ ಫೋರ್ಕಿನ ಹೊಳೆಯುವ ಭಾಗದಲ್ಲಿ ತುಕ್ಕಿನ ಚುಕ್ಕಿ ಇದೆಯಾ ನೋಡಿ. ಈ ಬೆಲೆಯ ಸೈಕಲ್ಲಿನ ಫೋರ್ಕುಗಳಿಗೆ ಒಳಗಿನ ಬಿಡಿಭಾಗ ಸಿಗುವುದೇ ಕಷ್ಟ, ಪೂರ್ತಿ ಫೋರ್ಕೇ ಬದಲಾಯಿಸಬೇಕಾಗುತ್ತದೆ. ಬ್ರೇಕ್ ಹಿಡಿದು ಮುಂದಕ್ಕೆ ತಳ್ಳಿ. ಡಿಸ್ಕ್ ಮೇಲೆ ತುಕ್ಕಿನ ಪದರ ಬಂದಿದ್ದರೆ ಹೆದರಬೇಡಿ, ನಾಲ್ಕು ಸಲ ಬ್ರೇಕ್ ಹಿಡಿದರೆ ಹೋಗುತ್ತದೆ. ಹೆದರಬೇಕಾದದ್ದು ಬೇರೆ. ಬ್ರೇಕ್ ಕಿರ್ ಅನ್ನುತ್ತದೆ ಅಂತ ಕೆಲವರು ಡಿಸ್ಕಿಗೇ ಎಣ್ಣೆ ಸ್ಪ್ರೇ ಹೊಡೆದುಬಿಡುತ್ತಾರೆ. ಪ್ಯಾಡು ಎಣ್ಣೆ ಕುಡಿದ ಮೇಲೆ ಮುಗಿಯಿತು, ಬಿಸಾಕಬೇಕು. ದಯವಿಟ್ಟು ನೀವು ಆ ಕೆಲಸ ಮಾಡಬೇಡಿ.

ಚೈನು ನೋಡುವುದು ಮಾತ್ರ ಎಲ್ಲರೂ ಕಲಿಯಬೇಕು. ಸೈಕಲ್ ವ್ಯಾಪಾರದಲ್ಲಿ ಸುಳ್ಳು ಹೇಳದ ಸಾಕ್ಷಿ ಅಂದರೆ ಇದೊಂದೇ. ಮಗನ ಜಾಮಿಟ್ರಿ ಬಾಕ್ಸಿನ ಅರ್ಧ ಅಡಿಯದ್ದು ಸಾಲದು, ಒಂದಡಿಯ ಸ್ಟೀಲ್ ಸ್ಕೇಲ್ ಬೇಕು. ಚೈನಿನ ಒಂದು ಪಿನ್ನಿನಿಂದ ಇನ್ನೊಂದು ಪಿನ್ನಿಗೆ ಸರಿಯಾಗಿ ಅರ್ಧ ಇಂಚು. ಹಾಗಾಗಿ 24 ಅಂತರಕ್ಕೆ ಹನ್ನೆರಡು ಇಂಚು. ಚೈನಿನ ಕೆಳಗಿನ ಭಾಗವನ್ನು ಬಿಗಿಯಾಗಿ ಎಳೆದು ಹಿಡಿದು, ಸ್ಕೇಲಿನ ಸೊನ್ನೆಯನ್ನು ಒಂದು ಪಿನ್ನಿನ ನಡುವೆ ಇಡಿ. ಹನ್ನೆರಡನೇ ಇಂಚಿನ ಗೆರೆಯೂ ಒಂದು ಪಿನ್ನಿನ ನಡುವೆಯೇ ಬಂದು ಕೂರಬೇಕು. ಪಿನ್ನು ಗೆರೆಗಿಂತ ಒಂದೂವರೆ ಮಿಲಿಮೀಟರ್ ಆಚೆ ಹೋಗಿದ್ದರೆ ಚೈನು ಬದಲಾಯಿಸುವ ಕಾಲ ಬಂದಿದೆ. ಮೂರು ಮಿಲಿಮೀಟರ್ ದಾಟಿದ್ದರೆ ಚೈನು ಮಾತ್ರ ಅಲ್ಲ, ಹಿಂದಿನ ಗೇರಿನ ಚಕ್ರಗಳೂ ಅದರ ಜೊತೆ ಸವೆದಿರುತ್ತವೆ. ಬರೀ ಹೊಸ ಚೈನು ಹಾಕಿದರೆ ಜೋರಾಗಿ ತುಳಿದಾಗ ಕಟಕ್ ಅಂತ ಜಾರುತ್ತದೆ. ಅಂದರೆ ಐನೂರರ ಖರ್ಚು ಸಾವಿರದೈನೂರಕ್ಕೆ ಹೋಯಿತು. ‘ವಾರಕ್ಕೆ ಒಂದು ಸಲ ಪಾರ್ಕಿಗೆ ಅಷ್ಟೇ ಸಾರ್’ ಅಂತ ಮಾಲೀಕರು ಹೇಳುತ್ತಿರುತ್ತಾರೆ, ಚೈನು ಐದು ಸಾವಿರ ಕಿಲೋಮೀಟರ್ ಕಥೆ ಹೇಳುತ್ತಿರುತ್ತದೆ. ನಿಮ್ಮದು 600 ಕಿಲೋಮೀಟರ್ ಆಗಿದ್ದರೆ ಚೈನು ಉದ್ದ ಆಗಿರುವುದಿಲ್ಲ. ತುಕ್ಕು ಹಿಡಿದು ಕೊಂಡಿಗಳು ಬಿಗಿದುಕೊಂಡಿರಬಹುದು, ಅಷ್ಟೇ. ಕೊಳ್ಳಲು ಬಂದವರ ಎದುರೇ ಅಳೆದು ತೋರಿಸಿ. 600ರ ಮಾತಿಗೆ ಅದಕ್ಕಿಂತ ಒಳ್ಳೆಯ ಪುರಾವೆ ಇಲ್ಲ.

ಇಷ್ಟೆಲ್ಲ ಸರಿ ಮಾಡಬಹುದಾದದ್ದು. ಫ್ರೇಮು ಹೋದರೆ ಸೈಕಲ್ ಹೋಯಿತು. ಇದನ್ನು ನಾನು ದುಡ್ಡು ಕಳೆದುಕೊಂಡು ಕಲಿತೆ. ಏಳೆಂಟು ವರ್ಷದ ಹಿಂದೆ ಒಂದು ಅಲಾಯ್, ಅಂದರೆ ಅಲ್ಯುಮಿನಿಯಂ ಫ್ರೇಮಿನ, ಎಂಟಿಬಿ (ಮೌಂಟನ್ ಬೈಕ್) ಬಂತು, ಗೇರು ಬೆಣ್ಣೆಯ ಹಾಗೆ ಬೀಳುತ್ತಿತ್ತು, ಟೈರು ಹೊಸದು, 9,000ಕ್ಕೆ ಖುಷಿಯಾಗಿ ತೆಗೆದುಕೊಂಡೆ. ಹ್ಯಾಂಡಲ್ ಕೆಳಗೆ, ಎರಡು ಪೈಪು ಸೇರುವ ಜಾಗದಲ್ಲಿ, ಒಂದು ಚೆಂದದ ಸ್ಟಿಕರ್ ಅಂಟಿಸಿದ್ದರು. ಹುಡುಗರು ಅಂಟಿಸಿರುತ್ತಾರೆ ಅಂದುಕೊಂಡೆ. ವಾಷಿಂಗ್ ಮಾಡುವಾಗ ಅದರ ತುದಿ ಎದ್ದಿತು, ಎಳೆದೆ, ವೆಲ್ಡಿಂಗ್ ಪಕ್ಕದಲ್ಲೇ ಉಗುರಿನಷ್ಟು ಉದ್ದದ ಬಿರುಕು. ಅಲ್ಯುಮಿನಿಯಂ ಫ್ರೇಮಿನ ಬಿರುಕನ್ನು ಗಲ್ಲಿಯ ವೆಲ್ಡಿಂಗ್ ಅಂಗಡಿಯಲ್ಲಿ ಮುಚ್ಚಿಸಿ ಯಾರಿಗೋ ಮಾರುವವರು ಇದ್ದಾರೆ. ಅದು ಹೊಸಕೆರೆಹಳ್ಳಿ ಇಳಿಜಾರಿನಲ್ಲಿ ಬಾಯಿ ಬಿಟ್ಟರೆ ಆ ಮನುಷ್ಯನ ಗತಿ? ನಾನು ಪಾರ್ಟ್ಸ್ ಬಿಚ್ಚಿಕೊಂಡು ಫ್ರೇಮನ್ನು ಗುಜರಿಗೆ ಹಾಕಿದೆ. ಅವತ್ತಿನಿಂದ ಸ್ಟಿಕರ್ ಇರುವ ಕಡೆ ಮೊದಲು ಉಗುರು ಹಾಕಿ ನೋಡುತ್ತೇನೆ. ಸ್ಟೀಲ್ ಫ್ರೇಮು ಹಾಗಲ್ಲ, ಸಾಮಾನ್ಯವಾಗಿ ಮೊದಲು ಬಾಗುತ್ತದೆ, ಎಚ್ಚರಿಕೆ ಕೊಡುತ್ತದೆ, ಬೆಸುಗೆಯೂ ಹಿಡಿಯುತ್ತದೆ. ಕಾರ್ಬನ್ ಫ್ರೇಮಿನ ಒಳಗಿನ ಪೆಟ್ಟು ಹೊರಗಿನಿಂದ ಕಾಣುವುದೇ ಇಲ್ಲ. ನಾಣ್ಯದಿಂದ ತಟ್ಟಿ ಶಬ್ದ ಕೇಳುತ್ತಾರೆ, ಅದನ್ನೂ ಪೂರ್ತಿ ನಂಬುವ ಹಾಗಿಲ್ಲ. ಲಕ್ಷ ಕೊಟ್ಟು ಕೊಂಡ ಕಾರ್ಬನ್ ಸೈಕಲ್ ಸೆಕೆಂಡ್ಸ್‌ನಲ್ಲಿ ಧೊಪ್ ಅಂತ ಬೀಳುವುದು ಈ ಭಯಕ್ಕೇ. ಜೊತೆಗೆ ಹಲವು ಕಂಪನಿಗಳ ಫ್ರೇಮ್ ವಾರಂಟಿ ಮೊದಲ ಮಾಲೀಕರಿಗೆ ಮಾತ್ರ. ಕೈ ಬದಲಾದ ದಿನ ವಾರಂಟಿಯೂ ಹೋಯಿತು ಅಂತ ಲೆಕ್ಕ.

ಕಂಪನಿ ಹೆಸರಿಗೆ ಎಷ್ಟು ಬೆಲೆ ಅಂತ ತುಂಬಾ ಜನ ಕೇಳುತ್ತಾರೆ. ನನ್ನ ಮಟ್ಟಿಗೆ ಹೆಸರಿಗಿಂತ ಎರಡು ವಿಷಯ ಮುಖ್ಯ. ಒಂದು, ಅದರ ಹೊಸ ಬೆಲೆ ಎಲ್ಲರಿಗೂ ಸುಲಭವಾಗಿ ಗೊತ್ತಾಗಬೇಕು. ಎರಡು, ಪಾರ್ಟ್ಸ್ ಸಿಗಬೇಕು. ಡೆಕಾಥ್ಲಾನ್‌ನ ಸೈಕಲ್ಲುಗಳು ಬೇಗ ಕೈ ಬದಲಾಗುವುದು ಇದಕ್ಕೇ, ಬೆಲೆ ಎಲ್ಲರಿಗೂ ಗೊತ್ತು, ಚೌಕಾಸಿ ಐದು ನಿಮಿಷದಲ್ಲಿ ಮುಗಿಯುತ್ತದೆ. ಟ್ರೆಕ್, ಜೈಂಟ್, ಮೆರಿಡಾ ಇವಕ್ಕೆ ಗೊತ್ತಿರುವವರ ನಡುವೆ ಒಳ್ಳೆಯ ಬೆಲೆ ಬರುತ್ತದೆ, ಆದರೆ ಗೊತ್ತಿರುವವರು ಸಿಗುವವರೆಗೆ ಕಾಯಬೇಕು. ಯಾವುದೋ ದುಬಾರಿ ಕಾರು ಕಂಪನಿಯ ಹೆಸರು ಬರೆದ, ಮಡಚುವ, ಸ್ಪೋಕ್ಸ್ ಇಲ್ಲದ ಅಲಾಯ್ ಚಕ್ರದ ಸೈಕಲ್ಲುಗಳಿವೆಯಲ್ಲ, ಅವನ್ನು ನನ್ನ ಹತ್ತಿರ ತರಲೇಬೇಡಿ. ದಪ್ಪ ಟೈರಿನ ಫ್ಯಾಟ್ ಬೈಕೂ ಅಷ್ಟೇ. ಒಂದು ಟೈರಿನ ಬೆಲೆ ಕೇಳಿದರೆ ಕೊಳ್ಳಲು ಬಂದವರು ಎದ್ದು ಹೋಗುತ್ತಾರೆ. ಎಲೆಕ್ಟ್ರಿಕ್ ಸೈಕಲ್ ಬಗ್ಗೆ ಒಂದೇ ಮಾತು: ಮಾರುತ್ತಿರುವುದು ಬ್ಯಾಟರಿ, ಸೈಕಲ್ ಅಲ್ಲ. ಬ್ಯಾಟರಿ ಸತ್ತಿದ್ದರೆ ಅದು ಬರೀ ಭಾರದ ಸೈಕಲ್.

ಗೇರಿನ ದರ್ಜೆ ನೋಡಿಯೂ ಬೆಲೆ ಕಟ್ಟುತ್ತಾರೆ. ಶಿಮಾನೋದಲ್ಲೇ ಟೂರ್ನಿ, ಆಲ್ಟಸ್, ಏಸೆರಾ, ಅಲಿವಿಯೋ, ಡಿಯೋರ್ ಅಂತ ಮೆಟ್ಟಿಲಿನ ಹಾಗೆ ಮೇಲೆ ಹೋಗುತ್ತದೆ, ರೋಡ್ ಸೈಕಲ್‌ನಲ್ಲಿ ಕ್ಲಾರಿಸ್, ಸೋರಾ, ಟಿಯಾಗ್ರಾ, 105. ನಿಮ್ಮದು 21 ಗೇರು ಅಂದರೆ ಬಹುಶಃ ಟೂರ್ನಿ, ಮೊದಲ ಮೆಟ್ಟಿಲು. ಕೆಟ್ಟದ್ದಲ್ಲ, ಯಾವ ಗಲ್ಲಿಯ ಮೆಕ್ಯಾನಿಕ್ ಬೇಕಾದರೂ ರಿಪೇರಿ ಮಾಡುತ್ತಾರೆ. ಆದರೆ ಇಂಥ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಹಿಂದಿನ ಗೇರು ಚಕ್ರದ ನಡುವಿನ ಹಬ್‌ಗೆ ತಿರುಪಿನಿಂದ ಕೂರುವ ಫ್ರೀವೀಲ್, ಬಲಗಡೆ ಆಕ್ಸಲ್‌ಗೆ (ಚಕ್ರದ ಅಚ್ಚಿಗೆ) ಆಸರೆ ಕಡಿಮೆ. ನಮ್ಮ ಊರಿನ ಹಂಪು, ಗುಂಡಿ ಗೊತ್ತಲ್ಲ, ಸ್ವಲ್ಪ ತೂಕದವರು ಓಡಿಸಿದರೆ ಆಕ್ಸಲ್ ಬೆಂಡ್ ಆಗುತ್ತದೆ. ಹಾಗಾಗಿ ಹುಷಾರಾದವರು ಹಿಂದಿನ ಚಕ್ರ ಎತ್ತಿ ತಿರುಗಿಸಿ ನೋಡಿಯೇ ನೋಡುತ್ತಾರೆ. ಇನ್ನು ಅಪ್‌ಗ್ರೇಡ್ ಹುಚ್ಚಿನವರು. 30,000ದ ಸೈಕಲ್‌ಗೆ 20,000ದ ಚಕ್ರ, ಪೆಡಲ್, ಹ್ಯಾಂಡಲ್ ಹಾಕಿ ಐವತ್ತಕ್ಕೆ ಐದು ಕಡಿಮೆ ಕೊಡಿ ಅನ್ನುತ್ತಾರೆ. ಮೂಗಿಗಿಂತ ಮೂಗುತಿ ಭಾರ. ಹಳೇ ಪಾರ್ಟ್ಸ್ ವಾಪಸ್ ಹಾಕಿ, ಹೊಸದನ್ನು ಬೇರೆಯಾಗಿ ಮಾರಿದರೆ ಜಾಸ್ತಿ ಬರುತ್ತದೆ. ಲೈಟು, ಬೀಗ, ಬಾಟಲ್ ಸ್ಟ್ಯಾಂಡು, ಮೊಬೈಲ್ ಹೋಲ್ಡರ್‌ಗೆ ಬೆಲೆ ಕಟ್ಟಲೇಬೇಡಿ. ಚೌಕಾಸಿ ಕೊನೆಗೆ ಬಂದಾಗ ‘ಬೀಗ ಲೈಟು ಎರಡೂ ಇಟ್ಟುಕೊಳ್ಳಿ’ ಅಂದುಬಿಡಿ, ವ್ಯಾಪಾರ ಕುದುರುತ್ತದೆ.

ಮೀಡಿಯಂ ಸೈಜು ಇರುವುದು ನಿಮ್ಮ ಅದೃಷ್ಟ. ಎಕ್ಸ್‌ಟ್ರಾ ಲಾರ್ಜ್ ಇಟ್ಟುಕೊಂಡು ಆರಡಿಯವರಿಗಾಗಿ ಆರು ತಿಂಗಳು ಕಾದವನು ನಾನು.

ಈಗ ನಿಮ್ಮ ಸೈಕಲ್ ಲೆಕ್ಕ ಹಾಕೋಣ. ಹೊಸದು 19,000. ಬಿಲ್ ಇದೆ, ಎಲ್ಲ ಸರಿಯಾಗಿದೆ, ಹತ್ತಿ ತುಳಿದರೆ ಸಾಕು ಅನ್ನುವಂಥ ಹಳೇ ಸೈಕಲ್‌ಗೆ ಹೊಸದರ ಅರ್ಧ, ಹೆಚ್ಚೆಂದರೆ ಅರ್ಧಕ್ಕಿಂತ ಸ್ವಲ್ಪ ಮೇಲೆ ಕೊಡುತ್ತಾರೆ. ಇದು ನನ್ನ ಅನುಭವದ ಲೆಕ್ಕ, ಕಾನೂನಲ್ಲ. ಕಣ್ಣಿಗೆ ಕಾಣದ್ದು ಕೆಟ್ಟಿದ್ದರೆ ಅನ್ನುವ ಭಯವನ್ನು ಇದರಲ್ಲೇ ಕಳೆದಾಯಿತು. 10,500 ಅಂತ ಇಟ್ಟುಕೊಳ್ಳಿ. ಎರಡೂವರೆ ವರ್ಷ ನಿಂತದ್ದಕ್ಕೆ ಎರಡು ಟೈರು ಎರಡು ಟ್ಯೂಬು 1,900, ಚೈನು 500, ಬ್ರೇಕ್ ಪ್ಯಾಡು ಮತ್ತು ಕೇಬಲ್ 500, ಎಲ್ಲ ಬಿಚ್ಚಿ ಗ್ರೀಸ್ ಹಾಕಿ ಜೋಡಿಸುವ ಕೂಲಿ 800. ಇದು ಓವರ್‌ಹಾಲಿಂಗ್, ನಮ್ಮ ಹಳೇ ಮೆಕ್ಯಾನಿಕ್‌ಗಳ ಬಾಯಲ್ಲಿ ಓವರಾಯಿಲಿಂಗ್, ಆಯಿಲ್ ಹಾಕುವುದರಿಂದ ಆ ಹೆಸರು ಬಂತು ಅಂತಲೇ ನಾನೂ ಬಹಳ ದಿನ ನಂಬಿದ್ದೆ. ಒಟ್ಟು 3,700. ಕಳೆದರೆ 6,800. ನಿಮ್ಮ ಹತ್ತಿರ ಬಂದವರು 6,000 ಅಂದರು. ಹೇಳಿ, ಮೋಸ ಎಲ್ಲಿದೆ?

ಅಂಗಡಿಯವರದ್ದೂ ಕೇಳಿ. ಅವರಿಗೆ ಪಾರ್ಟ್ಸ್ ಸ್ವಲ್ಪ ಅಗ್ಗ, 3,000ದಲ್ಲಿ ರೆಡಿ ಮಾಡುತ್ತಾರೆ. ಆಮೇಲೆ ಒಂದು ತಿಂಗಳ ಗ್ಯಾರಂಟಿ ಕೊಟ್ಟು 9,000ಕ್ಕೆ ಮಾರಬೇಕು, ಅದು ಹೋಗುವವರೆಗೆ ಅಂಗಡಿಯಲ್ಲಿ ಜಾಗ ಹಿಡಿದುಕೊಂಡು ನಿಂತಿರುತ್ತದೆ. 4,000ಕ್ಕೆ ತೆಗೆದುಕೊಂಡರೆ 2,000 ಉಳಿಯುತ್ತದೆ, ಅದರಲ್ಲೇ ಬಾಡಿಗೆ, ಕೆಲಸದ ಹುಡುಗನ ಸಂಬಳ. ನಾನೂ ಅಂಗಡಿಯವನೇ, ನಮ್ಮವರ ಪರ ಮಾತಾಡುತ್ತೇನೆ ಅಂದುಕೊಂಡರೂ ಪರವಾಗಿಲ್ಲ.

ನೀವೇ ರಿಪೇರಿ ಮಾಡಿಸಿ ಮಾರಿದರೆ? ಟೈರು, ಚೈನು ಮುಟ್ಟದೆ ಓವರಾಯಿಲಿಂಗ್, ಪ್ಯಾಡು, ಕೇಬಲ್ ಮಾತ್ರ ಮಾಡಿಸಿ, 1,300 ಆಗುತ್ತದೆ. 8,500 ಅಂತ ಹಾಕಿ, 8,000ಕ್ಕೆ ಬಿಡಬಹುದು. ಕೈಗೆ 6,700. ಇವತ್ತಿನ 6,000ಕ್ಕಿಂತ 700 ಜಾಸ್ತಿ, ಅದಕ್ಕೆ ಎರಡು ಮೂರು ಭಾನುವಾರ ಬಂದವರಿಗೆಲ್ಲ ಬೇಸ್‌ಮೆಂಟ್ ತೋರಿಸುವ ಕೆಲಸ. ನಾನಾಗಿದ್ದರೆ ಆ 6,000ದವರಿಗೇ ಫೋನ್ ಮಾಡಿ 6,500ಕ್ಕೆ ಮುಗಿಸುತ್ತಿದ್ದೆ.

ಮಾರಾಟಕ್ಕೆ ಹಾಕುವುದೇ ಆದರೆ ಒಂದಷ್ಟು ಕೆಲಸ ಮಾಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಪ್ರೆಶರ್ ವಾಷರ್ ಬೇಡ, ಬೇರಿಂಗ್ ಒಳಗೆ ನೀರು ಹೋಗುತ್ತದೆ. ಗಾಳಿ ತುಂಬಿಸಿ ಇಡಿ. ಗಾಳಿ ಇಲ್ಲದ ಸೈಕಲ್ಲನ್ನು ಓಡಿಸಿ ನೋಡಲು ಆಗುವುದಿಲ್ಲ, ಓಡಿಸಿ ನೋಡದವರು ಅರ್ಧ ಬೆಲೆ ಕೇಳುತ್ತಾರೆ. ಪೇಂಟ್ ಹೊಡೆಸಬೇಡಿ, ಏನೋ ಮುಚ್ಚುತ್ತಿದ್ದೀರಿ ಅಂದುಕೊಳ್ಳುತ್ತಾರೆ. ಗೀಚು ಇದ್ದರೆ ಅದರ ಫೋಟೋ ನೀವೇ ಹಾಕಿ. ಚೈನು ಇರುವ ಬಲಗಡೆಯಿಂದ ಹಗಲು ಬೆಳಕಿನಲ್ಲಿ ಪೂರ್ತಿ ಸೈಕಲ್ಲಿನ ಒಂದು ಫೋಟೋ ಇರಲಿ. ಬೇಸಿಗೆ ರಜೆ ಶುರುವಾಗುವ ಹೊತ್ತಿಗೆ ಗಿರಾಕಿ ಜಾಸ್ತಿ, ಮಳೆಗಾಲದಲ್ಲಿ ಕಡಿಮೆ. ಮತ್ತೆ ಒಂದು ಎಚ್ಚರಿಕೆ. ಆನ್‌ಲೈನ್‌ನಲ್ಲಿ ಹಾಕಿದ ಹತ್ತು ನಿಮಿಷಕ್ಕೆ ಒಬ್ಬರು ಫೋನ್ ಮಾಡಿ, ಸೈಕಲ್ ನೋಡದೆ, ಚೌಕಾಸಿಯೂ ಮಾಡದೆ ‘ಒಪ್ಪಿದೆ, ಕ್ಯೂಆರ್ ಕೋಡ್ ಕಳಿಸಿದ್ದೇನೆ ಸ್ಕ್ಯಾನ್ ಮಾಡಿ, ದುಡ್ಡು ಬರುತ್ತದೆ’ ಅಂದರೆ ಕಟ್ ಮಾಡಿ. ದುಡ್ಡು ತೆಗೆದುಕೊಳ್ಳಲು ಯುಪಿಐ ಪಿನ್ ಒತ್ತಬೇಕಾಗಿಲ್ಲ. ಸೈಕಲ್ ಕೊಳ್ಳುವವರು ಯಾರೂ ಚೌಕಾಸಿ ಮಾಡದೆ ಇರುವುದಿಲ್ಲ, ಅದೇ ಗುರುತು.

ಮರೆಯುವ ಮೊದಲು ಹೇಳಿಬಿಡುತ್ತೇನೆ, ಇದುವರೆಗೆ ಹೇಳಿದ್ದೆಲ್ಲ ತಲೆಕೆಳಗಾಗುವ ಒಂದು ಜಾತಿಯ ಸೈಕಲ್ ಇದೆ. ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳ ಹಿತ್ತಲಿನಲ್ಲಿ ಅಜ್ಜನ ಕಾಲದ ರ‍್ಯಾಲಿ, ಹಂಬರ್ ಸಿಗುತ್ತವಲ್ಲ, ಅವು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ತಯಾರಾದದ್ದಕ್ಕೆ ಒಂದು ಬೆಲೆ, ನಮ್ಮ ಆಸನ್ಸೋಲ್‌ನಲ್ಲಿ ಸೇನ್ ರ‍್ಯಾಲಿಯವರು ಮಾಡಿದ್ದಕ್ಕೆ ಇನ್ನೊಂದು. ಸ್ಟರ್ಮಿ ಆರ್ಚರ್‌ನ ಮೂರು ಗೇರಿನ ಹಬ್ ಇದ್ದರೆ ಅದರ ಮೇಲಿನ ಕೊಳೆ ಉಜ್ಜಿ ನೋಡಿ, ತಯಾರಾದ ವರ್ಷವನ್ನೇ ಅಚ್ಚು ಹಾಕಿರುತ್ತಾರೆ, 58 ಅಂತಿದ್ದರೆ 1958. ಇವುಗಳಲ್ಲಿ ಹೊಸ ಪಾರ್ಟ್ಸ್ ಹಾಕಿದಷ್ಟೂ ಬೆಲೆ ಇಳಿಯುತ್ತದೆ. ಮೂಲದ ಬಣ್ಣ ಅರ್ಧ ಉದುರಿದ್ದರೂ ಅದೇ ಚಂದ. ಚೈನ್ ಕವರ್, ಡೈನಮೋ, ಸಾಲದ್ದಕ್ಕೆ ಆ ಕಾಲದ ಮುನಿಸಿಪಾಲ್ಟಿಯ ಸೈಕಲ್ ಲೈಸೆನ್ಸ್ ಬಿಲ್ಲೆಯೂ ಇದ್ದರೆ ಹುಚ್ಚರು ಕೇಳಿದಷ್ಟು ಕೊಡುತ್ತಾರೆ. ಒಬ್ಬರು ಇಂಥದ್ದೊಂದನ್ನು ಆಯುಧಪೂಜೆಗೆ ಅಂತ ಫಳಫಳ ಬೆಳ್ಳಿ ಬಣ್ಣ ಹೊಡೆಸಿಕೊಂಡು ನನ್ನ ಹತ್ತಿರ ತಂದಿದ್ದರು. ಏನು ಹೇಳುವುದು, ಚೆನ್ನಾಗಿದೆ ಸಾರ್ ಅಂದೆ.

ಇನ್ನು ಮಗನ ಸೈಕಲ್. ಇಲ್ಲಿ ನೀವು ಕೊಳ್ಳುವವರು, ಮೇಲಿನ ಲೆಕ್ಕವನ್ನೇ ತಿರುಗಿಸಿ ಹಾಕಿ. ಮಕ್ಕಳ ಸೈಕಲ್ ಸೆಕೆಂಡ್ಸ್‌ನಲ್ಲಿ ಕೊಳ್ಳುವುದೇ ಬುದ್ಧಿವಂತಿಕೆ, ಎರಡು ವರ್ಷಕ್ಕೆ ಮಗು ಬೆಳೆದುಬಿಡುತ್ತದೆ, ನೀವು ಕೊಂಡ ಬೆಲೆಗೆ ಹತ್ತಿರ ಹತ್ತಿರವೇ ಮುಂದಿನವರಿಗೆ ದಾಟಿಸಬಹುದು. ಎಂಟು ವರ್ಷಕ್ಕೆ ಸಾಮಾನ್ಯವಾಗಿ 20 ಇಂಚಿನ ಚಕ್ರ. ಉದ್ದ ಇದ್ದರೆ 24 ಇಂಚು ನೋಡಿ. ‘ಬೆಳೆಯುವ ಹುಡುಗ’ ಅಂತ 26 ತರಬೇಡಿ, ಕಾಲು ನೆಲಕ್ಕೆ ಎಟುಕದ ಸೈಕಲ್ಲನ್ನು ಮಕ್ಕಳು ಮುಟ್ಟುವುದಿಲ್ಲ, ಅದೂ ನಿಮ್ಮದರ ಪಕ್ಕದಲ್ಲೇ ಬೇಸ್‌ಮೆಂಟ್‌ನಲ್ಲಿ ನಿಲ್ಲುತ್ತದೆ. ಗೇರು ಬೇಡ, ಸಸ್ಪೆನ್ಷನ್ ಖಂಡಿತ ಬೇಡ, ಸುಮ್ನೆ ಭಾರ. ಮಗನ ಪುಟ್ಟ ಬೆರಳಿಗೆ ಬ್ರೇಕ್ ಲಿವರ್ ಎಟುಕುತ್ತದಾ, ಒತ್ತಿದರೆ ಚಕ್ರ ನಿಲ್ಲುತ್ತದಾ, ಅದನ್ನು ಅವನ ಕೈಯಲ್ಲೇ ಮಾಡಿಸಿ ನೋಡಿ.

ಚಿಕ್ಕಪೇಟೆಯ ಸಂಡೇ ಬಜಾರಿನಲ್ಲಿ ಅಗ್ಗಕ್ಕೆ ಸಿಗುತ್ತದೆ ಅಂತ ಯಾರಾದರೂ ಹೇಳಬಹುದು. ಸಿಗುತ್ತದೆ. ಆದರೆ ಎಲ್ಲಿ ಕೊಂಡರೂ ಸೈಕಲ್ ಮಗುಚಿ ಹಾಕಿ, ಪೆಡಲ್ ಕೂರುವ ಜಾಗದ ತಳದಲ್ಲಿ ಫ್ರೇಮ್ ನಂಬರ್ ಇದೆಯಾ ನೋಡಿ. ಆ ಜಾಗವನ್ನು ಅರದಿಂದ ಉಜ್ಜಿದ್ದರೆ ಬಂದ ದಾರಿ ಹಿಡಿಯಿರಿ. ಕದ್ದ ಮಾಲು ಅಂತ ಗೊತ್ತಿದ್ದೂ, ಅಥವಾ ಅನುಮಾನ ಬರುವಂಥ ಕಾರಣ ಕಣ್ಣೆದುರೇ ಇದ್ದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಜೈಲು ಆಗಬಹುದು. ಬಿಲ್ ಇಲ್ಲದಿದ್ದರೆ ಮಾರುವವರ ಹೆಸರು, ಫ್ರೇಮ್ ನಂಬರ್, ತಾರೀಖು ಬರೆದು ಒಂದು ಚೀಟಿಗೆ ಸಹಿ ಹಾಕಿಸಿಕೊಳ್ಳಿ. ನಿಮ್ಮ ಹೈಬ್ರಿಡ್ ಮಾರುವಾಗಲೂ ಹೀಗೇ ಒಂದು ಚೀಟಿ ಬರೆದುಕೊಡಿ. ಬಿಲ್ ಹುಡುಕಿಡಿ. ಅದು ಸಿಕ್ಕರೆ ಇನ್ನೊಂದು ಐನೂರು ಧೈರ್ಯವಾಗಿ ಕೇಳಬಹುದು.

ಮಗನನ್ನು ಕರೆದುಕೊಂಡೇ ಹೋಗಿ, ಸೈಜು ನೋಡಬೇಕಲ್ಲ. ಆದರೆ ಬೆಲೆ ಮಾತ್ರ ಹೋಗುವ ಮೊದಲೇ ಫೋನಿನಲ್ಲಿ ಮುಗಿಸಿಕೊಳ್ಳಿ. ಕೆಂಪು ಸೈಕಲ್ ನೋಡಿ ಅವನು ಕುಣಿಯಲು ಶುರು ಮಾಡಿದ ಮೇಲೆ ಮಾರುವವರು ಒಂದು ರೂಪಾಯಿಯೂ ಇಳಿಸುವುದಿಲ್ಲ.